ಹಿಮನದಿಯ ಒರತೆ ಕಡಲು ಸೇರುವ ಜಾಗ: ಹುಡುಕುವುದು ಹೇಗೆ, ಅಳೆಯುವುದು ಹೇಗೆ

ಅಲಾಸ್ಕಾದ ಹೋಮರ್ ಊರಿನಿಂದ ದೋಣಿಯಲ್ಲಿ ಕ್ಯಾಚೆಮ್ಯಾಕ್ ಕೊಲ್ಲಿ ದಾಟಿದರೆ ಎದುರಿಗೆ ಗ್ರೂಯಿಂಕ್ ಹಿಮನದಿ ಕಾಣುತ್ತದೆ. ದೋಣಿಯವರು ಇಳಿಸುವುದು ಗ್ಲೇಸಿಯರ್ ಸ್ಪಿಟ್ ಅನ್ನುವ ಜಲ್ಲಿಕಲ್ಲಿನ ದಡದಲ್ಲಿ. ಕಡಲು ಪೂರ್ತಿ ಇಳಿದ ಹೊತ್ತಿಗೆ ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ. ದಡದ ಮೇಲ್ಭಾಗ ಒಣಗಿರುತ್ತದೆ. ಕೆಳಗೆ ಒಂದು ಕಡೆ, ಗೆರೆ ಎಳೆದ ಹಾಗೆ, ಮರಳು ಮಿನುಗಲು ಶುರುವಾಗುತ್ತದೆ. ಆ ಗೆರೆಯಿಂದ ಬೆರಳಗಲದ ಪುಟ್ಟ ತೊರೆಗಳು ಹೊರಟು, ಒಂದಕ್ಕೊಂದು ಸೇರಿ, ಮತ್ತೆ ಕವಲೊಡೆದು ಕಡಲ ಕಡೆ ಹರಿಯುತ್ತವೆ. ಮಳೆ ಬಂದಿಲ್ಲ. ಹೊಳೆಯ ಬಾಯಿ ಇನ್ನೂ ದೂರ ಇದೆ. ನೀರಲ್ಲಿ ಕೈ ಇಟ್ಟರೆ ಅರ್ಧ ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ.

ಕರಾವಳಿಯಲ್ಲಿ ಬೆಳೆದ ನನಗೆ ಇದಕ್ಕೆ ಹೆಸರು ಹುಡುಕಬೇಕಾಗಲಿಲ್ಲ. ಇದು ಒರತೆ. ನಮ್ಮ ಕಡೆ ಕಡಲಿನಿಂದ ನೂರು ಹೆಜ್ಜೆ ದೂರದ ಬಾವಿಯಲ್ಲೂ ಸಿಹಿನೀರು ಸಿಗುತ್ತದೆ ಅಲ್ವಾ, ಅದೇ ಕಥೆ. ಗುಡ್ಡದ ಕಡೆಯಿಂದ ನೆಲದೊಳಗೆ ಬಂದ ನೀರು ಕಡಲಿಗೆ ಹೋಗುವ ದಾರಿಯಲ್ಲಿ ಒಂದು ಕ್ಷಣ ಕಣ್ಣಿಗೆ ಬೀಳುತ್ತದೆ. ವ್ಯತ್ಯಾಸ ಇಷ್ಟೇ. ನಮ್ಮಲ್ಲಿ ಅದರ ಮೂಲ ಮುಂಗಾರಿನ ಮಳೆ. ಇಲ್ಲಿ ಮಳೆಯ ಜೊತೆಗೆ ಹಿಮ ಮತ್ತು ಹಿಮನದಿಯ ಕರಗುನೀರು.

ಹಿಮನದಿ ಕರಗಿ ಕಡಲಿಗೆ ಎಷ್ಟು ನೀರು ಹೋಗುತ್ತದೆ ಎಂದು ಕೇಳಿದರೆ ಎಲ್ಲರೂ ಹೊಳೆಯನ್ನು ತೋರಿಸುತ್ತಾರೆ. ಹೊಳೆ ಕಾಣುತ್ತದೆ, ಸದ್ದು ಮಾಡುತ್ತದೆ, ಅದಕ್ಕೆ ಮಾಪನದ ಕಂಬ ನೆಡಬಹುದು. ನೆಲದೊಳಗಿನ ಹರಿವಿಗೆ ಅದ್ಯಾವುದೂ ಇಲ್ಲ. ಆದರೆ ಅದು ಬೇಸಿಗೆ, ಚಳಿಗಾಲ ಎನ್ನದೆ, ಹೊಳೆ ಬಡಕಲಾದಾಗಲೂ ಹೋಗುತ್ತಲೇ ಇರುತ್ತದೆ. ಅದನ್ನು ಅಳೆಯದೆ ಹಿಮನದಿಯ ಲೆಕ್ಕ ಮುಗಿಯಿತು ಅನ್ನುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಭೂವಿಜ್ಞಾನ, ಪರಿಸರ ವಿಜ್ಞಾನ ಓದಲು ಹೊರದೇಶಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರು ಈಗ ಕಡಿಮೆಯೇನಿಲ್ಲ. ಅವರಿಗೆ, ಮತ್ತು ಕುತೂಹಲ ಇರುವ ಯಾರಿಗಾದರೂ ಉಪಯೋಗವಾಗಲಿ ಎಂದು ಕ್ಯಾಚೆಮ್ಯಾಕ್ ಕೊಲ್ಲಿಯನ್ನೇ ಉದಾಹರಣೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲ ಕೆಲಸ: ನೀರಿನ ದಾರಿಯನ್ನು ಕಾಗದದ ಮೇಲೆ ಬರೆಯಿರಿ

ಉಪಕರಣ ಮುಟ್ಟುವ ಮುಂಚೆ ನಕ್ಷೆ ತೆಗೆಯಿರಿ. ಗ್ರೂಯಿಂಕ್ ಹಿಮನದಿ ಕೀನೈ ಪರ್ವತಗಳಿಂದ ಇಳಿದು ಒಂದು ಸರೋವರದಲ್ಲಿ ಮುಗಿಯುತ್ತದೆ. ಸರೋವರದಿಂದ ದಡಕ್ಕೆ ಕಾಲುದಾರಿಯಲ್ಲಿ ಸುಮಾರು 5 ಕಿಲೋಮೀಟರ್. ದಾರಿ ಹೆಚ್ಚೂಕಡಿಮೆ ಸಮತಟ್ಟು. ಯಾಕೆ ಸಮತಟ್ಟು? ಹಿಮನದಿಯಿಂದ ಹೊರಟ ಹೊಳೆ ಸಾವಿರಾರು ವರ್ಷ ತಂದು ಸುರಿದ ಮರಳು, ಜಲ್ಲಿ, ಉರುಟುಕಲ್ಲು ಅದು. ಇವತ್ತು ಅದರ ಮೇಲೆ ಸ್ಪ್ರೂಸ್ ಮತ್ತು ಕಾಟನ್‌ವುಡ್ ಮರಗಳು ಬೆಳೆದಿವೆ. ನೀವು ನಡೆಯುತ್ತಿರುವುದು ಅಂತರ್ಜಲದ ಪದರದ ಮೇಲೇ.

ಈ ಪದರಕ್ಕೆ ನೀರು ಮೂರು ಕಡೆಯಿಂದ ಸೇರುತ್ತದೆ. ಹೊಳೆಯ ತಳ ಜಲ್ಲಿಯಾದ್ದರಿಂದ ಹೊಳೆ ಹರಿಯುತ್ತಾ ಹರಿಯುತ್ತಾ ನೀರು ಕಳೆದುಕೊಳ್ಳುತ್ತದೆ. ಹಿಮನದಿಯ ತಳದಲ್ಲಿ ಕರಗಿದ ನೀರು ಅಲ್ಲಿಂದಲೇ ನೇರ ನೆಲಕ್ಕೆ ಇಂಗುತ್ತದೆ. ಇನ್ನು ಅಕ್ಕಪಕ್ಕದ ಗುಡ್ಡಗಳ ಮಳೆ ಮತ್ತು ಹಿಮದ ನೀರು. ನಕ್ಷೆಯಲ್ಲಿ ಈ ಮೂರಕ್ಕೂ ಬಾಣ ಹಾಕಿ. ದಡದಲ್ಲಿ ಎಲ್ಲಿ ಹುಡುಕಬೇಕು ಅನ್ನುವುದು ಅರ್ಧ ಅಲ್ಲೇ ಗೊತ್ತಾಗುತ್ತದೆ. ಹೊಳೆಯ ಈಗಿನ ಬಾಯಿಗಿಂತ ಅದರ ಹಳೆಯ ಕಾಲುವೆಗಳು ದಡ ಮುಟ್ಟುವ ಜಾಗಗಳನ್ನು ಜಾಸ್ತಿ ಗಮನಿಸಿ. ಹೊಳೆ ಜಾಗ ಬದಲಿಸಿರುತ್ತದೆ, ಹಳೆಯ ಜಲ್ಲಿ ಮಾತ್ರ ಅಲ್ಲೇ ಉಳಿದಿರುತ್ತದೆ. ನೀರಿಗೆ ಅದು ಸಲೀಸಾದ ದಾರಿ.

ಹೊಳೆ ಎಷ್ಟರ ಮಟ್ಟಿಗೆ ಜಾಗ ಬದಲಿಸಬಲ್ಲದು ಅನ್ನುವುದಕ್ಕೆ ಐಸ್‌ಲ್ಯಾಂಡ್ ನೋಡಬೇಕು. ಅಲ್ಲಿ ವಟ್ನಯೋಕುಲ್ ಹಿಮರಾಶಿಯ ದಕ್ಷಿಣಕ್ಕೆ ಕಡಲವರೆಗೂ ಹಬ್ಬಿದ ಒಂದು ಕಪ್ಪು ಮರಳಿನ ಬಯಲಿದೆ. ಅದರ ಮೇಲೆ ಸ್ಕೈಥರಾ ಹೊಳೆಗೆ 1974ರಲ್ಲಿ 880 ಮೀಟರ್ ಉದ್ದದ ಸೇತುವೆ ಕಟ್ಟಿದರು. 1996ರ ನವೆಂಬರಿನಲ್ಲಿ ಹಿಮದಡಿಯ ಜ್ವಾಲಾಮುಖಿಯಿಂದ ಬಂದ ಮಹಾಪ್ರವಾಹ ಅದರ ಒಂದು ಭಾಗವನ್ನು ಕಿತ್ತುಕೊಂಡು ಹೋಯಿತು. ಮತ್ತೆ ಸರಿಮಾಡಿದರು. 2009ರಲ್ಲಿ ಹಿಮನದಿ ಹಿಂದೆ ಸರಿದಿದ್ದರಿಂದ ಹೊಳೆಯೇ ಪಶ್ಚಿಮಕ್ಕೆ ತಿರುಗಿ ಬೇರೆ ಹೊಳೆ ಸೇರಿಕೊಂಡಿತು. ಸೇತುವೆ ಒಣ ಮರಳಿನ ಮೇಲೆ ಉಳಿಯಿತು. ಹೊಳೆ ಹೋದ ಮೇಲೆ ಆ ಬಯಲಿನೊಳಗೆ ಇಂಗುವ ನೀರಿನ ದಾರಿಯೂ ಬದಲಾಗಲೇಬೇಕು. ಹಾಗಾಗಿ ಹತ್ತು ವರ್ಷ ಹಳೆಯ ನಕ್ಷೆಯನ್ನು ನಂಬಿ ಹೊರಡಬೇಡಿ. ಇತ್ತೀಚಿನ ಉಪಗ್ರಹ ಚಿತ್ರ ಪಕ್ಕದಲ್ಲಿರಲಿ.

ಎರಡನೆಯದು: ಇಳಿತ ನೋಡಿ ದಿನ ಗೊತ್ತು ಮಾಡಿ

ಇಲ್ಲಿ ಗಡಿಯಾರಕ್ಕಿಂತ ಉಬ್ಬರವಿಳಿತದ ಪಟ್ಟಿ ಮುಖ್ಯ. ಕ್ಯಾಚೆಮ್ಯಾಕ್ ಕೊಲ್ಲಿಯ ಉಬ್ಬರವಿಳಿತ ಜಗತ್ತಿನ ದೊಡ್ಡವುಗಳ ಸಾಲಿಗೆ ಸೇರುತ್ತದೆ. ದೊಡ್ಡ ದಿನಗಳಲ್ಲಿ ಏರಿಗೂ ಇಳಿತಕ್ಕೂ 7–8 ಮೀಟರ್ ಅಂತರ, ಅಂದರೆ ಎರಡು ಮಹಡಿ ಮನೆಯಷ್ಟು ಎತ್ತರ. ಕರ್ನಾಟಕದ ಕರಾವಳಿಯಲ್ಲಿ ನಾವು ನೋಡುವುದು ಎರಡು ಮೀಟರಿನ ಆಸುಪಾಸು.

ಅಮೆರಿಕದ ಸಾಗರ ಸಂಸ್ಥೆ ನೋವಾ ಪ್ರತಿ ಜಾಗದ ಪಟ್ಟಿಯನ್ನು ಮುಂಚಿತವಾಗಿಯೇ ಕೊಡುತ್ತದೆ. ಅಲ್ಲಿ ಎತ್ತರ ಅಡಿಗಳಲ್ಲಿರುತ್ತದೆ. ಸೊನ್ನೆ ಅಂದರೆ ದಿನದ ಎರಡು ಇಳಿತಗಳಲ್ಲಿ ಹೆಚ್ಚು ತಗ್ಗಿನದರ ಸರಾಸರಿ. ಅದಕ್ಕಿಂತಲೂ ಕೆಳಗೆ ಹೋಗುವ ದಿನಗಳನ್ನು ಅಲ್ಲಿಯವರು ‘ಮೈನಸ್ ಟೈಡ್’ ಅನ್ನುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಬರುತ್ತದೆ. ನಿಮಗೆ ಬೇಕಾದ್ದು ಆ ದಿನಗಳು. ಕಡಲು ಇಳಿದಷ್ಟೂ ಅದು ನೆಲದ ನೀರನ್ನು ತಡೆದು ನಿಲ್ಲಿಸುವ ಒತ್ತಡ ಕಡಿಮೆಯಾಗುತ್ತದೆ. ಒರತೆ ಜೋರಾಗುತ್ತದೆ, ಕಣ್ಣಿಗೂ ಕಾಣುತ್ತದೆ.

ಇಳಿತದ ಹೊತ್ತಿಗೆ ತಲುಪಿದರೆ ಸಾಲದು. ಎರಡು ಗಂಟೆ ಮುಂಚೆಯೇ ದಡದಲ್ಲಿರಿ. ನೀರು ಇಳಿಯುತ್ತಾ ಹೋದಂತೆ ನೀವೂ ಅದರ ಹಿಂದೆ ಇಳಿಯಿರಿ. ನೀರು ತಿರುಗಿದ ಕೂಡಲೇ ಮೇಲಕ್ಕೆ ಬನ್ನಿ. ಇಲ್ಲಿ ಹಠ ಬೇಡ. ಹಿಮನದಿ ಅರೆದ ಕಲ್ಲಿನ ಹಿಟ್ಟಿನಂಥ ಕೆಸರು ಕೆಲವು ಕಡೆ ಗಟ್ಟಿ ಇದ್ದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಹಿಡಿದುಕೊಳ್ಳುತ್ತದೆ. ಒಬ್ಬರೇ ಹೋಗಬೇಡಿ. ಮಂಡಿವರೆಗಿನ ರಬ್ಬರ್ ಬೂಟು, ತೇಲುವ ಜಾಕೆಟ್ಟು, ಸೀಟಿ, ಕರಡಿ ಓಡಿಸುವ ಸ್ಪ್ರೇ ಇರಲಿ. ಗ್ಲೇಸಿಯರ್ ಸ್ಪಿಟ್ ಇರುವುದು ರಾಜ್ಯ ಉದ್ಯಾನದ ಜಾಗದಲ್ಲಿ. ನೆಲ ಅಗೆಯುವ, ಕೊಳವೆ ಇಳಿಸುವ ಕೆಲಸಕ್ಕೆ ಮುಂಚೆಯೇ ಅನುಮತಿ ಕೇಳಿಕೊಳ್ಳಿ.

ಮೂರನೆಯದು: ಕೇಳಿ, ನಡೆಯಿರಿ, ಮುಟ್ಟಿ ನೋಡಿ

ದಡದ ಮೇಲೆ ಬದುಕುವವರಿಗೆ ಒರತೆ ಗೊತ್ತಿರುತ್ತದೆ. ಚಿಪ್ಪು ಆಯುವವರನ್ನು, ದೋಣಿ ನಡೆಸುವವರನ್ನು ಕೇಳಿ. ಪ್ರಶ್ನೆ ಮಾತ್ರ ಸರಿಯಾಗಿರಬೇಕು. ‘ಇಲ್ಲಿ ಅಂತರ್ಜಲ ಎಲ್ಲಿ ಹೊರಬರುತ್ತದೆ’ ಎಂದು ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ‘ಚಳಿಗಾಲದಲ್ಲಿ ದಡದ ಐಸು ಎಲ್ಲಿ ಮೊದಲು ಕರಗುತ್ತದೆ? ಎಲ್ಲಿ ಹೆಪ್ಪುಗಟ್ಟುವುದೇ ಇಲ್ಲ?’ ಎಂದು ಕೇಳಿ. ನೆಲದೊಳಗಿನ ನೀರಿನ ತಾಪಮಾನ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಬೇಸಿಗೆಯಲ್ಲಿ ಅದು ಕಡಲಿಗಿಂತ ತಣ್ಣಗೆ, ಕಡು ಚಳಿಯಲ್ಲಿ ಸುತ್ತಲಿನ ನೆಲಕ್ಕಿಂತ ಬೆಚ್ಚಗೆ. ಹಾಗಾಗಿ ಐಸು ಕರಗಿದ ಜಾಗ ಒರತೆಯ ಗುರುತು.

ಆಮೇಲೆ ನಡೆಯಿರಿ. ಕೈಯಲ್ಲಿ ಎರಡೇ ವಸ್ತು ಸಾಕು: ತಾಪಮಾನ ತೋರಿಸುವ ಕಡ್ಡಿ, ಉಪ್ಪಿನ ಅಂಶ ತಿಳಿಸುವ ವಿದ್ಯುತ್ ವಾಹಕತೆಯ ಮೀಟರು. ಪ್ರತಿ 20 ಹೆಜ್ಜೆಗೊಮ್ಮೆ ಮಿನುಗುವ ಗೆರೆಯಲ್ಲಿ ಅಂಗೈಯಗಲದ ಗುಂಡಿ ತೋಡಿ. ನೀರು ತುಂಬಲಿ. ಮೊದಲು ತುಂಬಿದ್ದನ್ನು ಚೆಲ್ಲಿ, ಎರಡನೇ ಸಲ ತುಂಬಿದ್ದನ್ನು ಅಳೆಯಿರಿ. ಕಡಲ ನೀರಿಗೆ ಮೀಟರು ಸೆಂಟಿಮೀಟರಿಗೆ ಸುಮಾರು 50 ಮಿಲಿಸೀಮನ್ಸ್ (ವಾಹಕತೆಯ ಅಳತೆ) ತೋರಿಸಿದರೆ ಒಳ್ಳೆಯ ಸಿಹಿ ಒರತೆಗೆ ಒಂದಕ್ಕಿಂತ ಕಡಿಮೆ ಬರುತ್ತದೆ. ನಿಮಗೆ ಸಿಗುವುದು ಹೆಚ್ಚಾಗಿ ಇವೆರಡರ ನಡುವಿನ ಸವಳು ನೀರು.

ಇಲ್ಲೊಂದು ಎಚ್ಚರಿಕೆ. ನೀರು ತಣ್ಣಗಾದಷ್ಟೂ ವಾಹಕತೆ ಕಡಿಮೆಯಾಗುತ್ತದೆ, ಒಂದು ಡಿಗ್ರಿಗೆ ಸುಮಾರು ಶೇಕಡಾ 2ರಷ್ಟು. 5 ಡಿಗ್ರಿಯ ನೀರನ್ನು ಸರಿಪಡಿಸದೆ ಓದಿದರೆ ಬರೀ ತಂಪಿನಿಂದಲೇ ಅದು ಸಿಹಿಯಾಗಿ ಕಾಣುತ್ತದೆ. ಮೀಟರಿನಲ್ಲಿ 25 ಡಿಗ್ರಿಗೆ ಸರಿಪಡಿಸುವ ವ್ಯವಸ್ಥೆ ಚಾಲೂ ಇದೆಯೇ ಎಂದು ಹೊರಡುವ ಮುಂಚೆ ನೋಡಿಕೊಳ್ಳಿ. ಬೆಚ್ಚಗಿನ ಊರಿನಿಂದ ಬಂದ ನಮಗೆ ಇದು ಹೊಳೆಯುವುದೇ ಇಲ್ಲ.

ಹಣ ಇದ್ದರೆ ಡ್ರೋನಿಗೆ ಶಾಖ ನೋಡುವ ಕ್ಯಾಮೆರಾ ಕಟ್ಟಿ ಹಾರಿಸಬಹುದು. ಬೇಸಿಗೆಯ ಇಳಿತದಲ್ಲಿ ತಣ್ಣನೆಯ ಒರತೆ ಕಡಲ ಮೇಲೆ ಗರಿಯ ಹಾಗೆ ಹರಡಿರುವುದು ಚಂದವಾಗಿ ಕಾಣುತ್ತದೆ. ಆದರೆ ಅದು ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಹಿಮನದಿಯ ಹೊಳೆಯೂ ತಣ್ಣಗೇ ಇರುವುದರಿಂದ ಹೊಳೆ ಯಾವುದು, ಒರತೆ ಯಾವುದು ಅನ್ನುವುದನ್ನು ನಡೆದೇ ಖಚಿತ ಮಾಡಿಕೊಳ್ಳಬೇಕು. ಒಂದು ಸುಲಭದ ಗುರುತು ಇದೆ. ಹೊಳೆಯ ನೀರು ಕಲ್ಲುಹಿಟ್ಟು ಬೆರೆತು ಬೂದು ಬಣ್ಣದ ಹಾಲಿನ ಹಾಗಿರುತ್ತದೆ. ಒರತೆಯ ನೀರು ಮರಳಲ್ಲಿ ಸೋಸಿ ಬಂದದ್ದು, ಕನ್ನಡಿಯಷ್ಟು ತಿಳಿ.

ನಾಲ್ಕನೆಯದು: ಕೊಳವೆ ಇಳಿಸಿ ಒತ್ತಡ ನೋಡಿ

ಬೆರಳ ದಪ್ಪದ ಉಕ್ಕಿನ ಕೊಳವೆ, ತುದಿಯಲ್ಲಿ ಸಣ್ಣ ತೂತುಗಳು, ಮರಳು ನುಗ್ಗದ ಹಾಗೆ ಜಾಲರಿ. ಅದನ್ನು ಸುತ್ತಿಗೆಯಿಂದ ಒಂದೊಂದೂವರೆ ಮೀಟರ್ ಬಡಿದು ಇಳಿಸಿ. ಸಿರಿಂಜಿನಿಂದ ನೀರು ಎಳೆದು ಬಾಯಿ ಬಿಡಿಸಿ. ಸ್ವಲ್ಪ ಹೊತ್ತು ಬಿಟ್ಟು ಒಳಗಿನ ನೀರಿನ ಮಟ್ಟವನ್ನೂ ಹೊರಗಿನ ನೀರಿನ ಮಟ್ಟವನ್ನೂ ಹೋಲಿಸಿ. ಒಳಗೆ ಮೇಲಿದ್ದರೆ ನೀರು ಮೇಲಕ್ಕೆ ಬರುತ್ತಿದೆ. ಕೆಳಗಿದ್ದರೆ ಕಡಲೇ ಒಳಗೆ ನುಗ್ಗುತ್ತಿದೆ. ಕೊಳವೆಯೊಳಗಿನ ನೀರು ಉಪ್ಪೋ ಸಿಹಿಯೋ ಅನ್ನುವುದನ್ನೂ ಬರೆದುಕೊಳ್ಳಿ. ಉಪ್ಪುನೀರು ತೂಕ ಜಾಸ್ತಿ. ಒಂದು ಮೀಟರ್ ಉಪ್ಪುನೀರಿನ ಕಂಬ ಸುಮಾರು 2.5 ಸೆಂಟಿಮೀಟರ್ ಹೆಚ್ಚಿನ ಸಿಹಿನೀರಿಗೆ ಸಮ. ನೀವು ಅಳೆಯುತ್ತಿರುವ ವ್ಯತ್ಯಾಸವೇ ನಾಲ್ಕೈದು ಸೆಂಟಿಮೀಟರ್ ಆಗಿರುವಾಗ ಇದನ್ನು ಬಿಡುವಂತಿಲ್ಲ.

ಇದೇ ತೂಕದ ವ್ಯತ್ಯಾಸದಿಂದ ಒಂದು ಹಳೆಯ ಲೆಕ್ಕ ಬಂದಿದೆ. ಗೈಬೆನ್ ಮತ್ತು ಹೆರ್ಜ್‌ಬರ್ಗ್ ಎಂಬ ಇಬ್ಬರು ಯುರೋಪಿನ ಎಂಜಿನಿಯರುಗಳು ನೂರು ವರ್ಷಕ್ಕೂ ಹಿಂದೆ ಬೇರೆ ಬೇರೆಯಾಗಿ ಕಂಡುಕೊಂಡದ್ದು. ಕಡಲ ಮಟ್ಟಕ್ಕಿಂತ ಒಂದು ಮೀಟರ್ ಎತ್ತರಕ್ಕೆ ಸಿಹಿ ಅಂತರ್ಜಲ ನಿಂತಿದ್ದರೆ, ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರೇ ಇರುತ್ತದೆ. ದಡಕ್ಕೆ ಬಂದ ಹಾಗೆ ಆ ಸಿಹಿನೀರು ಉಪ್ಪುನೀರಿನ ಬೆಣೆಯ ಮೇಲೆ ಜಾರಿ, ತೆಳ್ಳಗಾಗಿ, ಕಿರಿದಾದ ಬಾಯಿಯಿಂದ ಹೊರಬರುತ್ತದೆ. ದಡದ ಮೇಲೆ ನೀವು ನೋಡಿದ ಮಿನುಗುವ ಗೆರೆ ಇರುವುದು ಆ ಬಾಯಿಯ ಸುತ್ತಮುತ್ತಲೇ.

ದಡದಿಂದ ಒಳಕ್ಕೆ, ಮರಗಳ ನಡುವೆ ಇನ್ನೆರಡು ಕೊಳವೆ ಇದ್ದರೆ ನೆಲದ ನೀರಿನ ಇಳಿಜಾರು ಸಿಗುತ್ತದೆ. ಆಗ ಡಾರ್ಸಿಯ ನಿಯಮ ಹಚ್ಚಬಹುದು. ಫ್ರಾನ್ಸಿನ ದಿಜೋನ್ ಊರಿನ ನೀರು ಸರಬರಾಜಿಗೆ ದುಡಿದ ಹೆನ್ರಿ ಡಾರ್ಸಿ 1856ರಲ್ಲಿ ಹೇಳಿದ್ದು ಇಷ್ಟೇ: ಮರಳಿನ ಮೂಲಕ ಹರಿಯುವ ನೀರು ಅಂದರೆ ಮರಳು ನೀರು ಬಿಡುವ ಗುಣ, ಇಳಿಜಾರು, ಅಡ್ಡ ವಿಸ್ತೀರ್ಣ, ಈ ಮೂರರ ಗುಣಾಕಾರ. ಮರಳಿನ ಗುಣ ತಿಳಿಯಲು ಒಂದು ಸುಲಭದ ದಾರಿ ಇದೆ. ಮರಳನ್ನು ಒಣಗಿಸಿ ಜರಡಿ ಹಿಡಿಯಿರಿ. ತೂಕದಲ್ಲಿ ನೂರಕ್ಕೆ ಹತ್ತು ಭಾಗ ಯಾವ ಅಳತೆಗಿಂತ ಸಣ್ಣದಿದೆ ನೋಡಿ. ಅದು 0.3 ಮಿಲಿಮೀಟರ್ ಅಂದುಕೊಳ್ಳಿ. ಅದರ ವರ್ಗ 0.09. ಹೇಜನ್ ಎಂಬುವರ ಸೂತ್ರದ ಪ್ರಕಾರ ಆ ಮರಳು ಸೆಕೆಂಡಿಗೆ ಸುಮಾರು 0.09 ಸೆಂಟಿಮೀಟರ್, ಅಂದರೆ ದಿನಕ್ಕೆ ಸುಮಾರು 78 ಮೀಟರ್ ಲೆಕ್ಕದಲ್ಲಿ ನೀರು ಬಿಡುತ್ತದೆ. ಇಳಿಜಾರು 1000ಕ್ಕೆ 5, ಪದರದ ದಪ್ಪ 10 ಮೀಟರ್ ಎಂದಿಟ್ಟುಕೊಂಡರೆ, ದಡದ ಪ್ರತಿ ಒಂದು ಮೀಟರಿಗೆ ದಿನಕ್ಕೆ 3,900 ಲೀಟರ್. ಒಂದು ಕಿಲೋಮೀಟರ್ ದಡಕ್ಕೆ 39 ಲಕ್ಷ ಲೀಟರ್.

ಈ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ನಂಬಬೇಕು ಅನಿಸುತ್ತದೆ. ಅವಸರ ಬೇಡ. ಹಿಮನದಿ ಸುರಿದ ನೆಲದಲ್ಲಿ ಒಂದೆಡೆ ಉರುಟುಕಲ್ಲು, ಎರಡು ಮಾರು ಆಚೆ ನುಣ್ಣನೆಯ ಹೂಳು. ಮರಳಿನ ಗುಣ ಹತ್ತು ಪಟ್ಟು ಬದಲಾದರೆ ಉತ್ತರವೂ ಹತ್ತು ಪಟ್ಟು ಬದಲಾಗುತ್ತದೆ.

ಐದನೆಯದು: ಡ್ರಮ್ಮು ಮತ್ತು ಚೀಲ

ನನಗೆ ಅತಿ ಪ್ರೀತಿಯ ಉಪಕರಣ ಇದು. ಡೇವಿಡ್ ಲೀ ಎಂಬ ವಿಜ್ಞಾನಿ 1977ರಲ್ಲಿ ಇದನ್ನು ವಿವರಿಸಿ ಬರೆದ ಮೇಲೆ ಎಲ್ಲೆಡೆ ಹರಡಿತು. ದೊಡ್ಡ ಎಣ್ಣೆ ಡ್ರಮ್ಮಿನ ಒಂದು ತುದಿಯನ್ನು ಬೋಗುಣಿಯ ಹಾಗೆ ಕತ್ತರಿಸಿ, ಬೋರಲು ಹಾಕಿ ಕಡಲತಳಕ್ಕೆ ಒತ್ತುವುದು. ಮೇಲೆ ಒಂದು ತೂತು, ತೂತಿಗೆ ನಳಿಕೆ, ನಳಿಕೆಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ. ನೆಲದಿಂದ ಬಂದ ನೀರಿಗೆ ಹೋಗಲು ಚೀಲವೊಂದೇ ದಾರಿ.

ಮಾಡುವ ಕ್ರಮ ಹೀಗೆ. ಇಳಿತದಲ್ಲಿ ಮರಳು ಇರುವ ಜಾಗ ಆರಿಸಿ. ಗ್ಲೇಸಿಯರ್ ಸ್ಪಿಟ್‌ನ ಬಹುಪಾಲು ದಡ ಉರುಟುಕಲ್ಲು. ಅಲ್ಲಿ ಡ್ರಮ್ಮು ಒತ್ತಿದರೂ ಅಂಚಿನಲ್ಲಿ ಸೋರುತ್ತದೆ. ಡ್ರಮ್ಮನ್ನು ಸ್ವಲ್ಪ ಓರೆಯಾಗಿ, ತೂತಿನ ಕಡೆ ಎತ್ತರ ಇರುವಂತೆ ಕೂರಿಸಿ. ಗಾಳಿ ಸಿಕ್ಕಿಕೊಂಡರೆ ಅದು ಆ ಕಡೆಯಿಂದ ಹೊರಬರುತ್ತದೆ. ಚೀಲ ಹಾಕದೆ ಒಂದು ಉಬ್ಬರವಿಳಿತ ಪೂರ್ತಿ ಹಾಗೇ ಬಿಡಿ. ಒತ್ತಿದಾಗ ಕದಡಿದ ನೆಲ ಸಮಾಧಾನವಾಗಲಿ. ಆಮೇಲೆ, ಡ್ರಮ್ಮಿನ ಮೇಲೆ ನೀರು ನಿಂತಿರುವಾಗಲೇ, ಚೀಲ ಕಟ್ಟಿ.

ಚೀಲವನ್ನು ಖಾಲಿ ಕಟ್ಟಬಾರದು. ಖಾಲಿ ಚೀಲ ಬಿಚ್ಚಿಕೊಳ್ಳುವಾಗ ತಾನೇ ನೀರು ಎಳೆಯುತ್ತದೆ, ಅಳತೆ ಸುಳ್ಳಾಗುತ್ತದೆ. ಮೊದಲೇ ಒಂದು ಲೀಟರ್ ಅಳೆದು ತುಂಬಿ, ಗಾಳಿ ತೆಗೆದು ಕಟ್ಟಿ. ನೀರು ಒಳಕ್ಕೆ ಹೋಗುತ್ತಿದ್ದರೆ ಚೀಲ ಕುಗ್ಗುತ್ತದೆ, ಅದೂ ಗೊತ್ತಾಗುತ್ತದೆ. ಅಲೆ ಬಡಿಯದ ಹಾಗೆ ಚೀಲದ ಮೇಲೊಂದು ಬಕೆಟ್ ಬೋರಲು ಹಾಕಿ.

ಡ್ರಮ್ಮಿನ ಅಗಲ 57 ಸೆಂಟಿಮೀಟರ್ ಆದರೆ ವಿಸ್ತೀರ್ಣ 0.255 ಚದರ ಮೀಟರ್. ಎರಡು ಗಂಟೆಯಲ್ಲಿ 600 ಮಿಲಿಲೀಟರ್ ಹೆಚ್ಚಾಯಿತು ಎನ್ನಿ. ಹಾಗಾದರೆ ಒಂದು ಚದರ ಮೀಟರಿನಿಂದ ದಿನಕ್ಕೆ ಸುಮಾರು 28 ಲೀಟರ್. ಒಂದೇ ಅಳತೆಗೆ ನಿಲ್ಲಿಸಬೇಡಿ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ 12 ಗಂಟೆ 25 ನಿಮಿಷ. ಅಷ್ಟೂ ಹೊತ್ತು ಚೀಲ ಬದಲಿಸುತ್ತಾ ಹೋಗಿ. ಇಳಿತದ ಒಂದು ಅಳತೆಯನ್ನು ಹಿಡಿದು ಇಡೀ ದಿನಕ್ಕೆ ಗುಣಿಸಿದರೆ ಇಲ್ಲದ ನೀರನ್ನು ಇದೆ ಎಂದ ಹಾಗಾಗುತ್ತದೆ.

ಆರನೆಯದು: ಹೊಸ ನೀರೆಷ್ಟು, ತಿರುಗಿ ಬಂದ ಕಡಲೆಷ್ಟು

ಈ ಹೆಜ್ಜೆಯಲ್ಲಿ ನಾನೇ ಎಡವಿದ್ದೇನೆ. ಮೊದಲ ಸಲ ಚೀಲ ಉಬ್ಬಿ ಬಂದಾಗ ಮಳೆಗಾಲದ ಮೊದಲ ಒರತೆ ಕಂಡ ಹುಡುಗನ ಹಾಗೆ ಕುಣಿದಿದ್ದೆ. ಹಿಮನದಿಯ ನೀರು ನನ್ನ ಕೈಯಲ್ಲಿದೆ ಅಂದುಕೊಂಡೆ. ಗುಂಪಿನಲ್ಲಿದ್ದ ಹಿರಿಯರೊಬ್ಬರು ಏನೂ ಹೇಳದೆ ಮೀಟರಿನ ಕಡ್ಡಿ ಅದ್ದಿದರು. ಕಡಲ ನೀರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಚೀಲದಲ್ಲಿದ್ದ ಬಹುಪಾಲು ನೀರು ಹಿಂದಿನ ಉಬ್ಬರದಲ್ಲಿ ದಡದೊಳಗೆ ಇಂಗಿ ಈಗ ಹೊರಬರುತ್ತಿದ್ದ ಕಡಲೇ.

ಅಲೆ ಮತ್ತು ಉಬ್ಬರ ದಿನವೂ ಕಡಲ ನೀರನ್ನು ಮರಳೊಳಗೆ ತಳ್ಳುತ್ತವೆ. ಅದು ಸಿಹಿನೀರಿನ ಜೊತೆ ಬೆರೆತು, ದಡದ ಪೋಷಕಾಂಶ ಹೊತ್ತು, ಮತ್ತೆ ಕಡಲಿಗೆ ಬರುತ್ತದೆ. ಕಡಲ ಜೀವಿಗಳಿಗೆ ಅದೂ ಮುಖ್ಯ. ಆದರೆ ಅದು ಹೊಸ ನೀರಲ್ಲ, ಹಿಮನದಿಯ ನೀರಂತೂ ಅಲ್ಲವೇ ಅಲ್ಲ. 1996ರಲ್ಲಿ ವಿಲರ್ಡ್ ಮೂರ್ ಎಂಬ ವಿಜ್ಞಾನಿ ಅಮೆರಿಕದ ಆಗ್ನೇಯ ಕರಾವಳಿಯಲ್ಲಿ ನೆಲದಿಂದ ಬರುವ ನೀರು ಅಲ್ಲಿಯ ನದಿಗಳ ಹರಿವಿನ ಶೇಕಡಾ 40ರಷ್ಟು ಎಂದು ತೋರಿಸಿದಾಗ ದೊಡ್ಡ ಸುದ್ದಿಯಾಯಿತು. ಆ ಲೆಕ್ಕದಲ್ಲಿ ತಿರುಗಿ ಬಂದ ಉಪ್ಪುನೀರೂ ಸೇರಿತ್ತು. ಬರೀ ಸಿಹಿನೀರನ್ನು ಲೆಕ್ಕ ಹಾಕಿದರೆ ಸಂಖ್ಯೆ ಬಹಳ ಚಿಕ್ಕದಾಗುತ್ತದೆ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದದ್ದರಿಂದ ಎಷ್ಟೋ ಗೊಂದಲ ಆಗಿದೆ.

ಬೇರ್ಪಡಿಸುವ ಲೆಕ್ಕ ಸುಲಭ. ಅವತ್ತು ಅಲ್ಲಿಯ ಕಡಲ ಉಪ್ಪು 30 (ಅಂದರೆ ಒಂದು ಕಿಲೋ ನೀರಿನಲ್ಲಿ 30 ಗ್ರಾಂ), ಒಳಗಿನ ಕೊಳವೆಯ ನೀರಿನ ಉಪ್ಪು ಸೊನ್ನೆ, ಚೀಲಕ್ಕೆ ಬಂದ ನೀರಿನ ಉಪ್ಪು 24 ಎನ್ನಿ. 30ರಿಂದ 24 ಕಳೆದರೆ 6. ಆರನ್ನು ಮೂವತ್ತರಿಂದ ಭಾಗಿಸಿದರೆ 0.2. ಐದರಲ್ಲಿ ಒಂದು ಪಾಲು ಮಾತ್ರ ಸಿಹಿನೀರು. ಆ 28 ಲೀಟರಿನಲ್ಲಿ ಹೊಸ ನೀರು ಸುಮಾರು ಐದೂವರೆ ಲೀಟರ್. ನೀವು ಮೊದಲೇ ಚೀಲಕ್ಕೆ ತುಂಬಿದ ಒಂದು ಲೀಟರಿನ ಉಪ್ಪನ್ನು ಕಳೆಯಲು ಮರೆಯಬೇಡಿ. ಕಡಲ ಉಪ್ಪನ್ನು ಪುಸ್ತಕ ನೋಡಿ 35 ಎಂದು ಬರೆಯಲೂ ಬೇಡಿ. ಬೇಸಿಗೆಯಲ್ಲಿ ಕರಗುನೀರು ಸೇರಿ ಕೊಲ್ಲಿಯ ಮೇಲ್ನೀರು ತೆಳುವಾಗಿರುತ್ತದೆ. ಅಲ್ಲೇ, ಅವತ್ತೇ ಅಳೆಯಿರಿ.

ಏಳನೆಯದು: ರೇಡಾನ್ ಹಿಡಿಯಿರಿ

ಡ್ರಮ್ಮು ಹೇಳುವುದು ಅದು ಕೂತ ಜಾಗದ ಕಥೆ. ಇಡೀ ಕೊಲ್ಲಿಯ ಕಥೆ ಬೇಕಾದರೆ ರೇಡಾನ್ ಬೇಕು. ಕಲ್ಲು ಮಣ್ಣಿನಲ್ಲಿ ಅಲ್ಪ ಪ್ರಮಾಣದಲ್ಲಿರುವ ರೇಡಿಯಂ ವಿಕಿರಣ ಸೂಸುತ್ತಾ ಸವೆದು ಈ ಅನಿಲ ಹುಟ್ಟುತ್ತದೆ. ನೆಲದೊಳಗಿನ ನೀರಿನಲ್ಲಿ ಇದು ಕಡಲಿಗಿಂತ ನೂರಾರು, ಕೆಲವೆಡೆ ಸಾವಿರಾರು ಪಟ್ಟು ಜಾಸ್ತಿ. ಯಾವುದರ ಜೊತೆಗೂ ರಾಸಾಯನಿಕವಾಗಿ ಸೇರುವುದಿಲ್ಲ. 3.82 ದಿನಕ್ಕೆ ಅರ್ಧ ಆಗುತ್ತದೆ. ಹಾಗಾಗಿ ದಡದ ಕಡಲಲ್ಲಿ ರೇಡಾನ್ ಸಿಕ್ಕಿದರೆ, ಇತ್ತೀಚೆಗೆ ಅಲ್ಲಿಗೆ ನೆಲದ ನೀರು ಬಂದಿದೆ ಎಂದರ್ಥ.

ದೋಣಿಯಲ್ಲಿ ಪಂಪು ಇಟ್ಟು, ಕಡಲ ನೀರನ್ನು ನಿರಂತರ ಎಳೆದು, ಅದರಿಂದ ಬಿಡಿಸಿಕೊಂಡ ಗಾಳಿಯನ್ನು ಎಣಿಸುವ ಯಂತ್ರಕ್ಕೆ ಕಳಿಸುತ್ತಾರೆ. ದೋಣಿಯನ್ನು ನಿಧಾನ ನಡೆಸಿ, ಅರ್ಧ ಗಂಟೆಗೊಂದು ಸಂಖ್ಯೆ ಬರುತ್ತದೆ. ಬಾಟಲಿಯಲ್ಲಿ ಹಿಡಿಯುವುದಾದರೆ ಒಂದೇ ಒಂದು ಗುಳ್ಳೆಯೂ ಇರಬಾರದು, ಅನಿಲ ಅಲ್ಲಿಗೇ ಓಡುತ್ತದೆ. ಹಿಡಿದ ಹೊತ್ತನ್ನು ನಿಮಿಷದ ಸಮೇತ ಬಾಟಲಿಯ ಮೇಲೆ ಬರೆಯಿರಿ. ಎರಡು ದಿನ ತಡವಾಗಿ ಎಣಿಸಿದರೆ ನೂರಕ್ಕೆ ಎಪ್ಪತ್ತರಷ್ಟೇ ಉಳಿದಿರುತ್ತದೆ, ಅದನ್ನು ಲೆಕ್ಕದಲ್ಲಿ ಸರಿಪಡಿಸಬೇಕು.

ಆಮೇಲೆ ಜಮಾ ಖರ್ಚು ಹಾಕಬೇಕು. ಗಾಳಿಗೆ ಹಾರಿಹೋದದ್ದು, ಸವೆದುಹೋದದ್ದು, ಹೊರಗಿನ ಕಡಲಿಗೆ ಬೆರೆತದ್ದು, ಇವೆಲ್ಲ ಖರ್ಚು. ಹೊಳೆ ತಂದದ್ದು, ಕಡಲ ನೀರಿನಲ್ಲೇ ಇರುವ ರೇಡಿಯಂನಿಂದ ಹುಟ್ಟಿದ್ದು, ತಳದ ಕೆಸರಿನಿಂದ ತಾನಾಗಿ ಏರಿದ್ದು ಜಮಾ. ಉಳಿದ ಕೊರತೆ ತುಂಬಿದ್ದು ಅಂತರ್ಜಲ. ಕೊರತೆ ಚದರ ಮೀಟರಿಗೆ ದಿನಕ್ಕೆ 500 ಬೆಕೆರೆಲ್ (ವಿಕಿರಣದ ಅಳತೆ), ಕೊಳವೆಯ ನೀರಿನಲ್ಲಿ ಘನ ಮೀಟರಿಗೆ 5,000 ಬೆಕೆರೆಲ್ ಇದ್ದರೆ, ಭಾಗಿಸಿ: ಪ್ರತಿ ಚದರ ಮೀಟರಿನ ಮೇಲೆ ದಿನಕ್ಕೆ 10 ಸೆಂಟಿಮೀಟರ್ ಎತ್ತರದಷ್ಟು ನೀರು. ಗಾಳಿ ಜೋರಾದ ದಿನ ಖರ್ಚು ಏರುತ್ತದೆ, ಆದ್ದರಿಂದ ಗಾಳಿಯ ವೇಗವನ್ನು ಗಂಟೆಗೊಮ್ಮೆ ಬರೆದಿಡಿ. ಕೊಳವೆಯ ನೀರಿನ ಅಳತೆಯನ್ನು ಒಂದೇ ಕೊಳವೆಯಿಂದ ತೆಗೆದುಕೊಳ್ಳಬೇಡಿ. ಇಡೀ ಉತ್ತರ ಅದರ ಮೇಲೆ ನಿಂತಿದೆ.

ನೆನಪಿಡಿ, ರೇಡಾನ್ ತೋರಿಸುವುದೂ ಒಟ್ಟು ಹರಿವನ್ನೇ. ದಡದೊಳಗೆ ಹೋಗಿಬಂದ ಉಪ್ಪುನೀರೂ ಅಲ್ಲಿ ಇದ್ದಷ್ಟು ದಿನ ರೇಡಾನ್ ಹೀರಿಕೊಂಡಿರುತ್ತದೆ. ಆರನೆಯ ಹೆಜ್ಜೆಯ ಉಪ್ಪಿನ ಲೆಕ್ಕ ಇಲ್ಲೂ ಬೇಕು.

ರೇಡಾನ್ ಬದಲು ರೇಡಿಯಂ ಹಿಡಿಯುವವರೂ ಇದ್ದಾರೆ. ಬೇರೆ ಕರಾವಳಿಗಳಲ್ಲಿ ಅದು ಒಳ್ಳೆಯ ದಾರಿ. ಹಿಮನದಿಯ ಕರಾವಳಿಯಲ್ಲಿ ಮಾತ್ರ ಜೋಪಾನ. ರೇಡಿಯಂ ಸಿಹಿನೀರಿನಲ್ಲಿ ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತದೆ, ಉಪ್ಪು ತಾಗಿದ ಕೂಡಲೇ ಬಿಡುತ್ತದೆ. ಹಿಮನದಿಯ ಹೊಳೆ ತರುವ ಹೂಳಿನ ರಾಶಿ ಕಡಲು ಮುಟ್ಟಿದಾಗ ಅದರಿಂದಲೇ ರೇಡಿಯಂ ಬಿಡುಗಡೆಯಾಗುತ್ತದೆ. ಅದನ್ನು ಕಳೆಯದಿದ್ದರೆ ಹೊಳೆಯ ಪಾಲನ್ನು ಅಂತರ್ಜಲದ ಖಾತೆಗೆ ಬರೆದ ಹಾಗಾಗುತ್ತದೆ.

ಎಂಟನೆಯದು: ಬಾಟಲಿಗಳು

ಪ್ರತಿ ಕೊಳವೆಯಿಂದ, ಹೊಳೆಯಿಂದ, ಸರೋವರದಿಂದ, ಕಡಲಿನಿಂದ, ಸಾಧ್ಯವಾದರೆ ಮಳೆಯಿಂದಲೂ ನೀರು ಹಿಡಿಯಿರಿ. ಆಮ್ಲಜನಕ ಮತ್ತು ಜಲಜನಕದ ಭಾರದ ರೂಪಗಳನ್ನು ಅಳೆದರೆ ಮೂಲ ತಿಳಿಯಲು ಸಹಾಯವಾಗುತ್ತದೆ. ಎತ್ತರದಲ್ಲಿ, ತಣ್ಣಗಿನ ಗಾಳಿಯಲ್ಲಿ ಬಿದ್ದ ಹಿಮದಲ್ಲಿ ಭಾರದ ರೂಪ ಕಡಿಮೆ, ದಡದ ಮಳೆಯಲ್ಲಿ ಜಾಸ್ತಿ. ಈ ಬಾಟಲಿಯ ಮುಚ್ಚಳ ಬಿಗಿ ಇರಬೇಕು, ಆವಿಯಾದರೆ ಗುರುತು ಕೆಡುತ್ತದೆ. ಪೋಷಕಾಂಶದ ಬಾಟಲಿಗೆ 0.45 ಮೈಕ್ರಾನ್ ಸೋಸುವ ಹಾಳೆ ಹಾಕಿ, ಕೂಡಲೇ ತಂಪಿನಲ್ಲಿಡಿ. ಹೊಳೆಯ ನೀರು ಬೇಗ ಹರಿದುಹೋಗುತ್ತದೆ. ಅಂತರ್ಜಲ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಲ್ಲುಪುಡಿಯ ಜೊತೆ ಇದ್ದು ಬಂದಿರುತ್ತದೆ. ಎರಡೂ ಒಂದೇ ಹಿಮನದಿಯಿಂದ ಹೊರಟರೂ ಕಡಲಿಗೆ ತರುವ ಬುತ್ತಿ ಬೇರೆ. ನೀರಿನ ಪ್ರಮಾಣ ಕಡಿಮೆ ಇದ್ದರೂ ಅಳೆಯಲೇಬೇಕು ಎಂದು ನಾನು ಹೇಳುವುದು ಇದಕ್ಕೇ.

ಕೊನೆಯದು: ತಾಳೆ ನೋಡಿ, ಮತ್ತೆ ಬನ್ನಿ

ಈಗ ಸಂಖ್ಯೆಗಳನ್ನು ಪಕ್ಕಪಕ್ಕ ಇಡಿ. ಮೇಲಿನ ಉದಾಹರಣೆಯಲ್ಲೇ ನೋಡಿ. ಡಾರ್ಸಿಯ ಲೆಕ್ಕ ಒಂದು ಮೀಟರ್ ದಡಕ್ಕೆ 3,900 ಲೀಟರ್ ಹೇಳಿತು. ಡ್ರಮ್ಮಿನ ಸಿಹಿನೀರು ಚದರ ಮೀಟರಿಗೆ ಐದೂವರೆ ಲೀಟರ್. ಒರತೆ ಬರುವ ಪಟ್ಟಿ 50 ಮೀಟರ್ ಅಗಲ ಇದ್ದರೂ ಒಟ್ಟು 280 ಲೀಟರಿನ ಆಸುಪಾಸು. ಹದಿನಾಲ್ಕು ಪಟ್ಟು ವ್ಯತ್ಯಾಸ! ಗಾಬರಿಯಾಗಬೇಡಿ, ಯಾವುದನ್ನೂ ಅಳಿಸಬೇಡಿ. ಡ್ರಮ್ಮನ್ನು ನೀವು ಕೂರಿಸಿದ್ದು ಮೆತ್ತಗಿನ ಮರಳಲ್ಲಿ, ಯಾಕೆಂದರೆ ಅದು ಕೂರುವುದೇ ಅಲ್ಲಿ. ನೀರು ಜೋರಾಗಿ ಹೋಗುವುದು ಡ್ರಮ್ಮು ಕೂರದ ಜಲ್ಲಿಯಲ್ಲಿ. ಇತ್ತ ಡಾರ್ಸಿಯ ಲೆಕ್ಕಕ್ಕೆ ಹಾಕಿದ ಮರಳು ಒಂದೇ ಗುಂಡಿಯದು. ನಿಜ ಇವೆರಡರ ನಡುವೆ ಎಲ್ಲೋ ಇದೆ. ರೇಡಾನ್ ಮೂರನೆಯ ಸಾಕ್ಷಿ. ಮಳೆ, ಕರಗುನೀರು, ಹೊಳೆಯ ಹರಿವು ಸಿಕ್ಕಿದರೆ ಅದು ನಾಲ್ಕನೆಯದು. ಉತ್ತರವನ್ನು ಒಂದು ಸಂಖ್ಯೆಯಾಗಿ ಬರೆಯದೆ ‘ಇಷ್ಟರಿಂದ ಇಷ್ಟರವರೆಗೆ’ ಎಂದು ಬರೆಯಿರಿ.

ಜುಲೈನಲ್ಲಿ ಒಂದು ಸಲ ಅಳೆದು ಮುಗಿಸಬೇಡಿ. ಆಗ ಹೊಳೆ ತುಂಬಿ ಹರಿಯುವ ಕಾಲ, ಅಂತರ್ಜಲದ ಪಾಲು ಚಿಕ್ಕದಾಗಿ ಕಾಣುತ್ತದೆ. ಮಾರ್ಚಿನಲ್ಲಿ ಇನ್ನೊಮ್ಮೆ ಬನ್ನಿ. ಹಗಲು ಮತ್ತೆ ಉದ್ದವಾಗಿರುತ್ತದೆ, ಹೊಳೆ ಸೊರಗಿರುತ್ತದೆ. ದೋಣಿಯವರಿಗೆ ಮೊದಲೇ ಹೇಳಿಡಿ, ಚಳಿಗಾಲದಲ್ಲಿ ಓಡಾಟ ಕಡಿಮೆ. ಮಟ್ಟ ದಾಖಲಿಸುವ ಪುಟ್ಟ ಯಂತ್ರವನ್ನು ಮರಗಳ ನಡುವಿನ ಕೊಳವೆಯಲ್ಲಿ ಬೇಸಿಗೆಯಲ್ಲೇ ಬಿಟ್ಟು ಬಂದಿದ್ದರೆ, ಮೊದಲು ಅದನ್ನು ಮೇಲಕ್ಕೆತ್ತಿ, ಕೈ ಬೆಚ್ಚಗಿರುವಾಗಲೇ ಮಾಹಿತಿ ಇಳಿಸಿಕೊಳ್ಳಿ. ಆಮೇಲೆ ದಡಕ್ಕೆ ಇಳಿದು, ಬೇಸಿಗೆಯಲ್ಲಿ ಗುರುತು ಹಾಕಿದ ಅದೇ ಗೆರೆಯ ಮೇಲೆ, ಅದೇ 20 ಹೆಜ್ಜೆಗೊಂದು ಗುಂಡಿ ತೋಡುತ್ತಾ ನಡೆಯಿರಿ.